ಬೀದರ್ ಕೋಟೆಯ ಮಣ್ಣು, ಸಾಲಾರ್ ಜಂಗ್‌ನ ಬಿದರಿ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನಾ, ಜಪಾನಿನ ಕಲಾಕೃತಿಗಳ ಜೊತೆಗೆ ಬೀದರ್ ಮೂಲದ ಬಿದರಿ ಸಾಮಾನುಗಳೂ ಇವೆ: ಹುಕ್ಕಾದ ತಳ, ಸುರಾಹಿ, ಪಾನದಾನ್. ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಅವರ ಮನೆತನ ಕೂಡಿಟ್ಟ ಸಂಗ್ರಹವನ್ನು 1951ರಲ್ಲಿ ದಿವಾನ್ ದೇವಡಿಯಲ್ಲಿ ಜನರಿಗೆ ತೆರೆಯಲಾಯಿತು. 1968ರಲ್ಲಿ ಅದು ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು.

ತೆಲಂಗಾಣದ ನಾರಾಯಣಖೇಡ ಭಾಗದ ನಾಗಲಗಿದ್ದ ಸೀಮೆಗೆ ಈ ಸಾಮಾನುಗಳು ನೆರೆಮನೆಯವು. ನಾರಾಯಣಖೇಡ ತಾಲ್ಲೂಕು 1956ರವರೆಗೂ ಬೀದರ್ ಜಿಲ್ಲೆಯಲ್ಲೇ ಇತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಹೋಯಿತು, ನಾರಾಯಣಖೇಡ ಮೆದಕ್ ಜಿಲ್ಲೆಗೆ ಸೇರಿತು.

ಬಿದರಿಯ ಮೂಲ ಲೋಹ ಸತು. ಅದಕ್ಕೆ ಸ್ವಲ್ಪವೇ ತಾಮ್ರ ಬೆರೆಸುತ್ತಾರೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿದಾಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚಿತ್ತಾರ ಗೀರಿ, ಉಳಿಯಿಂದ ಕೊರೆಯುತ್ತಾರೆ. ಕೊರೆದ ಸಂದಿಗೆ ಬೆಳ್ಳಿಯ ತಂತಿಯನ್ನೋ ತೆಳು ತಗಡನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ, ತಗಡಿನದಕ್ಕೆ ತೆಹನಿಶಾನ್ ಎಂಬ ಹೆಸರು.

ಮತ್ತೆ ಉಜ್ಜಿದಾಗ ಎಲ್ಲವೂ ಒಂದೇ ಬೂದುಬಣ್ಣ, ಬೆಳ್ಳಿ ಯಾವುದು ಸತು ಯಾವುದು ಎಂದು ಗುರುತು ಹತ್ತುವುದಿಲ್ಲ. ಆಗ ಬರುವುದು ಮಣ್ಣಿನ ಸರದಿ. ಬೀದರ್ ಕೋಟೆಯೊಳಗಿನ, ಮಳೆ-ಬಿಸಿಲು ತಾಕದ ಹಳೆಯ ಮಣ್ಣೇ ಬೇಕು ಎನ್ನುತ್ತಾರೆ ಕುಶಲಕರ್ಮಿಗಳು. ನಾಲಿಗೆಗೆ ಹಚ್ಚಿ ಅದರ ಗುಣ ನೋಡುತ್ತಾರೆ. ಆ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ತಿಕ್ಕಿದರೆ ಸತುವಿನ ಮೈ ಗಾಢ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರಿ ಹೊಳಪು ಕೊಡುತ್ತಾರೆ. ಇಡೀ ಕಸುಬಿನ ಜೀವ ಈ ಒಂದು ಹಂತದಲ್ಲಿದೆ. ಗಾಜಿನಾಚೆ ನಿಂತು ನೋಡುವವರಿಗೆ ಮಾತ್ರ ಅದು ಕಾಣಸಿಗುವುದಿಲ್ಲ.

ಹಳೆಯ ಬಿದರಿಯ ಕಾಲ ಗುರುತಿಸಲು ಹುಕ್ಕಾದ ಆಕಾರವೂ ನೆರವಾಗುತ್ತದೆ. ಗುಂಡನೆಯ ತಳ ಹಳೆಯದು, ಅದನ್ನು ಬಳೆಯಂಥ ಆಸರೆಯ ಮೇಲೆ ಕೂರಿಸುತ್ತಿದ್ದರು. ಚಪ್ಪಟೆ ಅಡಿಯ, ಗಂಟೆಯಾಕಾರದ ತಳ ಬಂದದ್ದು ಆಮೇಲೆ. 1851ರ ಲಂಡನ್ ಮಹಾಪ್ರದರ್ಶನದಲ್ಲೂ ಬಿದರಿ ಇತ್ತು. ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಇಂದಿಗೂ ಒಳ್ಳೆಯ ಸಂಗ್ರಹವಿದೆ.

ಕಸುಬು ಬೀದರಿನಲ್ಲಿ ಇನ್ನೂ ನಡೆದಿದೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.