ಕೃತಕ ನೇತ್ರಮಸೂರದ ತೊಡಕುಗಳು ಮತ್ತು ಬದಲಾವಣೆ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಬ್ಬಾದ ಸಹಜ ಮಸೂರವನ್ನು ತೆಗೆದು ಅದರ ಸ್ಥಾನದಲ್ಲಿ ಇರಿಸುವ ಮಸೂರವೇ ಕೃತಕ ನೇತ್ರಮಸೂರ. ಬಹುಪಾಲು ರೋಗಿಗಳಲ್ಲಿ ಇದು ಜೀವನಪರ್ಯಂತ ಉಳಿಯುತ್ತದೆ. ಮಸೂರವು ಜಾರಿದರೆ, ಮಬ್ಬಾದರೆ ಅಥವಾ ಅದರ ಶಕ್ತಿ ಕಣ್ಣಿಗೆ ಹೊಂದದಿದ್ದರೆ ಅದನ್ನು ಹೊರತೆಗೆದು ಬೇರೊಂದನ್ನು ಕೂರಿಸಬೇಕಾಗಬಹುದು.

ಹಿನ್ನೆಲೆ

ಬ್ರಿಟಿಷ್ ನೇತ್ರತಜ್ಞ ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಇಂತಹ ಮಸೂರವನ್ನು ಅಳವಡಿಸಿದರು. ಆ ಮೊದಲ ರೋಗಿಗೇ ತೀವ್ರ ಸಮೀಪದೃಷ್ಟಿ ಉಂಟಾಯಿತು. ಶಕ್ತಿಯ ಲೆಕ್ಕ ತಪ್ಪುವ ತೊಡಕು ಈ ಚಿಕಿತ್ಸೆಯಷ್ಟೇ ಹಳೆಯದು. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆ ಹಾಗೂ ನಗರದ ಪಶ್ಚಿಮ ಭಾಗದ ರಾಜಾಜಿನಗರದಲ್ಲಿರುವ, ಡಾ. ಕೆ. ಭುಜಂಗ ಶೆಟ್ಟಿ ಸ್ಥಾಪಿಸಿದ ನಾರಾಯಣ ನೇತ್ರಾಲಯ ಹೆಸರಾಂತ ನೇತ್ರಚಿಕಿತ್ಸಾ ಕೇಂದ್ರಗಳಾಗಿವೆ.

ತೊಡಕುಗಳು

ಶಸ್ತ್ರಚಿಕಿತ್ಸೆಯ ತಿಂಗಳುಗಳು ಅಥವಾ ವರ್ಷಗಳ ನಂತರ ದೃಷ್ಟಿ ಮತ್ತೆ ಮಸುಕಾದಾಗ "ಪೊರೆ ಮತ್ತೆ ಬೆಳೆಯಿತು" ಎನ್ನುವುದು ರೂಢಿ. ವಾಸ್ತವವಾಗಿ ಪೊರೆ ಮರಳಿ ಬರುವುದಿಲ್ಲ. ಮಸೂರವನ್ನು ಹಿಡಿದಿರುವ ಚೀಲದ ಹಿಂಬದಿಯ ಪಟಲದ ಮೇಲೆ ಉಳಿದ ಜೀವಕೋಶಗಳು ಹರಡುವುದರಿಂದ ಹೀಗಾಗುತ್ತದೆ. ಯಾಗ್ ಲೇಸರ್‌ನಿಂದ ಆ ಪಟಲದಲ್ಲಿ ಕಿಂಡಿ ತೆರೆದರೆ ದೃಷ್ಟಿ ತಿಳಿಯಾಗುತ್ತದೆ; ಮಸೂರ ಬದಲಿಸಬೇಕಿಲ್ಲ.

ಇದನ್ನೇ ಹೋಲುವ ಇನ್ನೊಂದು ಸ್ಥಿತಿಯುಂಟು. ನೀರು ಹೀರುವ ಗುಣದ ಕೆಲವು ಅಕ್ರಿಲಿಕ್ ಮಸೂರಗಳಲ್ಲಿ ಕ್ಯಾಲ್ಸಿಯಂ ಶೇಖರಗೊಂಡು ಮಸೂರವೇ ಮಬ್ಬಾಗುತ್ತದೆ. ಇದಕ್ಕೆ ಲೇಸರ್ ಪರಿಹಾರವಲ್ಲ. ತಪ್ಪಾಗಿ ಗುರುತಿಸಿ ಕಿಂಡಿ ತೆರೆದರೆ ಕಣ್ಣಿನ ಹಿಂಭಾಗದ ಲೋಳೆಯಂಥ ದ್ರವ್ಯ ಮುಂದಕ್ಕೆ ನುಗ್ಗುವ ಅಪಾಯವಿದ್ದು, ಮುಂದಿನ ಬದಲಾವಣೆ ಕಠಿಣವಾಗುತ್ತದೆ. ಆದುದರಿಂದ ಲೇಸರ್‌ಗೆ ಮುನ್ನ ಮಬ್ಬು ಎಲ್ಲಿದೆ ಎಂಬ ನಿರ್ಣಯ ಮುಖ್ಯವಾದುದು.

ಪೆಟ್ಟಿನಿಂದ ಅಥವಾ ಚೀಲವನ್ನು ಹಿಡಿದಿರುವ ಸೂಕ್ಷ್ಮ ಎಳೆಗಳು ದುರ್ಬಲಗೊಂಡು ಮಸೂರ ಜಾರಬಹುದು. ಬಹುನಾಭಿ ಮಸೂರ ಪಡೆದ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಪ್ರಭಾವಲಯ ಕಾಣುತ್ತದೆ. ಅನೇಕರು ಕ್ರಮೇಣ ಇದಕ್ಕೆ ಒಗ್ಗಿಕೊಳ್ಳುತ್ತಾರೆ.

ಬದಲಾವಣೆ

ಶಕ್ತಿಯ ವ್ಯತ್ಯಾಸ ಅಲ್ಪವಾಗಿದ್ದರೆ ಕನ್ನಡಕವೇ ಸಾಕು. ಬದಲಾವಣೆ ಅನಿವಾರ್ಯವಾದರೆ ಆರಂಭಿಕ ವಾರಗಳಲ್ಲಿ ಅದು ಸುಲಭ. ಕಾಲ ಕಳೆದಂತೆ ಚೀಲವು ಮಸೂರಕ್ಕೆ ಅಂಟಿಕೊಳ್ಳುತ್ತದೆ. ಹಳೆಯ ಮಸೂರವನ್ನು ಬಿಡಿಸಿ, ಕಣ್ಣಿನೊಳಗೇ ಕತ್ತರಿಸಿ ಅಥವಾ ಮಡಚಿ ಹೊರತೆಗೆಯಲಾಗುತ್ತದೆ. ಚೀಲ ಆಧಾರ ನೀಡದಿದ್ದಲ್ಲಿ ಹೊಸದನ್ನು ಕಣ್ಣಿನ ಬಿಳಿಭಾಗದ ಗೋಡೆಗೆ ಅಥವಾ ಐರಿಸ್‌ಗೆ ಬಂಧಿಸುತ್ತಾರೆ. ಹೊಲಿಗೆಯ ಬದಲು ಜೈವಿಕ ಅಂಟು ಬಳಸುವ ವಿಧಾನವನ್ನು ಚೆನ್ನೈನ ಡಾ. ಅಮರ್ ಅಗರ್ವಾಲ್ ರೂಪಿಸಿದರು. ಮೊದಲ ಶಸ್ತ್ರಚಿಕಿತ್ಸೆಗಿಂತ ಇದರಲ್ಲಿ ಅಪಾಯ ಹೆಚ್ಚು: ಕಾರ್ನಿಯಾಕ್ಕೆ ಹಾನಿ, ಅಕ್ಷಿಪಟಲದ ಊತ ಅಥವಾ ಕಳಚಿಕೆ ಸಂಭವಿಸಬಹುದು. ಹಠಾತ್ ಮಿಂಚು, ತೇಲುವ ಕಪ್ಪು ಚುಕ್ಕೆಗಳು ಅಥವಾ ಪರದೆ ಎಳೆದಂತಹ ನೆರಳು ಕಂಡರೆ ತುರ್ತು ತಪಾಸಣೆ ಅಗತ್ಯ.