ಸೂತಿಕಾಗೃಹದ ಶುದ್ಧಿಕ್ರಮವೂ 'ಶುದ್ಧಿ' ಶಬ್ದದ ಅರ್ಥಭೇದವೂ

ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಪ್ರಾಂತದಲ್ಲಿ ಬಾಣಂತಿಯ ಕೋಣೆಗೆ ಸಾಂಬ್ರಾಣಿಯ ಹೊಗೆ ಹಾಕುವುದೂ, ಮಗುವಿನ ಬಟ್ಟೆಯನ್ನು ಬೇರೆಯಾಗಿ ಒಗೆದು ಬಿಸಿಲಿಗೆ ಹರವುವುದೂ ವಾಡಿಕೆ. ಇವೆರಡನ್ನೂ 'ಶುದ್ಧಿ' ಎಂಬ ಒಂದೇ ಮಾತಿನಿಂದ ಕರೆಯುವೆವು. ಆಸ್ಪತ್ರೆಯ ಶುದ್ಧಿಯಾದರೋ ತ್ರಿವಿಧವಾದುದು. ಈ ಭೇದವನ್ನು ಮರೆತರೆ ಶಬ್ದಾರ್ಥಕ್ಕೆ ಮಾತ್ರವಲ್ಲದೆ ಪ್ರಾಣಕ್ಕೂ ಹಾನಿಯುಂಟು. ಆದುದರಿಂದ ಈ ವಿಚಾರವನ್ನು ವಿದ್ವಜ್ಜನರ ಮುಂದಿಡುತ್ತೇನೆ.

ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ಶಿಶುವಿನ ಹಾಸುಹೊದಿಕೆಗಳ ಪ್ರಸ್ತಾಪವಿದೆ. ಬೆವರು, ಕೊಳೆ, ಕ್ರಿಮಿ, ಮಲಮೂತ್ರಗಳುಳ್ಳ ವಸ್ತ್ರವು ತ್ಯಾಜ್ಯ. ಬೇರೆ ದೊರೆಯದಿದ್ದರೆ ಅದನ್ನೇ ಚೆನ್ನಾಗಿ ತೊಳೆದು, ಧೂಪವಿಕ್ಕಿ, ಶುದ್ಧವೂ ಶುಷ್ಕವೂ ಆದಮೇಲೆ ಬಳಸಬಹುದೆಂದು ವಿಧಿ. ಸುಶ್ರುತನು ಸೂತ್ರಸ್ಥಾನದಲ್ಲಿ ಸಾಸುವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ವ್ರಣಿತನಿಗಾಗಿ ದಿನಕ್ಕೆ 2 ಸಲದಂತೆ 10 ದಿನ ಹಾಕಬೇಕೆನ್ನುವನು.

ಚರಕೋಕ್ತಿಯಲ್ಲಿ ಗಮನಾರ್ಹವಾದುದು ಕ್ರಮ: ಮೊದಲು ತೊಳೆತ, ಅನಂತರ ಧೂಪ. ಈಗಿನ ಶಾಸ್ತ್ರವೂ ತೊಳೆತವನ್ನೇ ಮುಂದಿಡುವುದು. ರಕ್ತ ಕೀವುಗಳ ಲೇಪವುಳಿದರೆ ಅದರಡಿಯ ಜೀವಾಣುಗಳಿಗೆ ಔಷಧದ್ರವವು ತಟ್ಟದು. ಆದರೆ ಇಷ್ಟರಿಂದಲೇ ಪ್ರಾಚೀನರು ಜೀವಾಣುಗಳನ್ನು ಬಲ್ಲವರೆಂದು ಸಾಧಿಸಹೊರಡುವುದು ಸಾಹಸವಾದೀತು. ಸುಶ್ರುತನ ಧೂಪಕ್ಕೆ ರಕ್ಷೋನಿವಾರಣೆಯೇ ಉದ್ದೇಶ. ವಿಯೆನ್ನಾದಲ್ಲಿ ಸೆಮೆಲ್‌ವೈಸನು 1847ರಲ್ಲಿ ವೈದ್ಯರ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಿಂದ ತೊಳೆಯಿಸಿ ಬಾಣಂತಿಯರ ಮರಣವನ್ನು ತಗ್ಗಿಸಿದನು. ಲಿಸ್ಟರನು ಕಾರ್ಬಾಲಿಕ್ ಆಮ್ಲದ ವ್ರಣೋಪಚಾರವನ್ನು 1867ರಲ್ಲಿ ಪ್ರಕಟಿಸಿದನು. ಕಾರಣಜ್ಞಾನವು ಈಚಿನದು, ಕ್ರಮಜ್ಞಾನವು ಹಳೆಯದು.

ಇನ್ನು ಶಬ್ದವಿಚಾರ. ಕೊಳೆಯನ್ನು ತೆಗೆಯುವುದು ಪ್ರಕ್ಷಾಲನ. ಬಹುಪಾಲು ರೋಗಾಣುಗಳನ್ನು ಕೊಲ್ಲುವುದು ವಿಸಂಕ್ರಮಣ. ಕುದಿನೀರು ಈ ವರ್ಗದ್ದು, ಕೆಲವು ಬೀಜಾಣುಗಳು ಅದರಲ್ಲಿಯೂ ಉಳಿಯುವುವು. ಏನನ್ನೂ ಉಳಿಸದಿರುವುದು ನಿರ್ಜೀವಾಣುಕರಣ. ಒತ್ತಡದ ಉಗಿಯಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಕನಿಷ್ಠ 15 ನಿಮಿಷ ಕೊಡುವುದು ಇದರ ಪ್ರಸಿದ್ಧ ವಿಧಾನ. ನೆಲಕ್ಕೆ ಮೊದಲೆರಡು ಸಾಲುವುವು; ಶಸ್ತ್ರಕ್ಕೆ ಮೂರನೆಯದೂ ಬೇಕು.

ನಮ್ಮ 'ಮಡಿ'ಯಾದರೋ ಈ ಮೂರರಲ್ಲಿ ಒಂದೂ ಅಲ್ಲ. ಅದರ ಲಕ್ಷಣವು ಅಸ್ಪೃಷ್ಟತೆ. ಒದ್ದೆಬಟ್ಟೆಯು ಮಡಿಯಾಗಿರಬಹುದು, ಜೀವಾಣುರಹಿತವಾಗಿರಲಾರದು. ಹಾಗೆಯೇ ಸಾಂಬ್ರಾಣಿಯ ಪರಿಮಳವು ವಿಸಂಕ್ರಮಣಕ್ಕೆ ಪ್ರಮಾಣವಾಗದು; ಆ ಹೊಗೆ ಎಳೆಯ ಶ್ವಾಸಕೋಶಗಳಿಗೆ ಹಿತವೂ ಅಲ್ಲ.

ಆದಕಾರಣ ಉಪಾಧ್ಯಾಯರು 'ಶುದ್ಧಿ' ಶಬ್ದವನ್ನು ಬೋಧಿಸುವಾಗ ಈ ಭೇದಗಳನ್ನೂ ತಿಳಿಸಬೇಕೆಂದು ಪ್ರಾರ್ಥನೆ. ಶಬ್ದವು ಸ್ಪಷ್ಟವಾದರೆ ಕೈಯೂ ಎಚ್ಚರಗೊಳ್ಳುವುದು. ಇತ್ಯಲಮ್.