ಹುಲಿಯೇ ಬಟನ್ ಒತ್ತುವ ಫೋಟೋ!

ಕೊಡಗಿನ ಕೆಲವು ಹಳೇ ಮನೆಗಳ ಗೋಡೆ ಮೇಲೆ ಹುಲಿಯ ಫೋಟೋ ನೋಡಿದವರಿದ್ದಾರೆ. ಸತ್ತು ಮಲಗಿದ ಹುಲಿ, ಪಕ್ಕದಲ್ಲಿ ಕೋವಿ ಹಿಡಿದು ನಿಂತ ಯಜಮಾನರು. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ 'ನರಿ ಮಂಗಲ' ಮಾಡಿದ ನಾಡು ಇದು. (ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಬಯಲುಸೀಮೆಯವರು ನಗಬೇಡಿ!) 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಜಾತಿಯ ಫೋಟೋಗಳ ಕಾಲ ಮುಗಿಯಿತು.

ಈಗಲೂ ಹುಲಿಯ ಫೋಟೋ ತೆಗೆಯುತ್ತಾರೆ. ತೆಗೆಯುವವರು ಯಾರು ಅಂತ ಕೇಳಿದರೆ, ಯಾರೂ ಇಲ್ಲ! ಕಾಡುದಾರಿಯ ಎರಡೂ ಬದಿ ಮೊಣಕಾಲೆತ್ತರಕ್ಕೆ ಒಂದೊಂದು ಡಬ್ಬಿ ಕಟ್ಟಿರುತ್ತಾರೆ. ಮುಂದೆ ಬಿಸಿ ಮೈಯೊಂದು ಹಾದುಹೋದರೆ ಸಾಕು, ಕ್ಯಾಮೆರಾ ತಾನಾಗಿಯೇ ಕ್ಲಿಕ್ ಅನ್ನುತ್ತದೆ. ಇದಕ್ಕೆ ಕ್ಯಾಮೆರಾ ಟ್ರ್ಯಾಪ್ ಎಂದು ಹೆಸರು. ಫೋಟೋಗ್ರಫಿ ಅಂದರೆ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಅಂತಲೇ ತಿಳಿದ ನಮಗೆ ಇದು ಬೇರೆಯೇ ಕಸುಬು.

ಹೊಸದೇನಲ್ಲ. ಉತ್ತರದ ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲೇ ದಾರಿಗೆ ತಂತಿ ಕಟ್ಟಿ, ಹುಲಿಯ ಕಾಲು ತಾಗಿದಾಗ ಫ್ಲ್ಯಾಶ್ ಹೊತ್ತುವಂತೆ ಮಾಡಿದ್ದ. 1927ರಲ್ಲಿ ಅದರ ಮೇಲೊಂದು ಪುಸ್ತಕವನ್ನೂ ತಂದ. ಆದರೆ ಆ ಫೋಟೋದಿಂದ ಲೆಕ್ಕ ತೆಗೆಯುವ ವಿದ್ಯೆ ಬೆಳೆದದ್ದು ನಮ್ಮ ನಾಗರಹೊಳೆಯಲ್ಲಿ, ಡಾ. ಉಲ್ಲಾಸ ಕಾರಂತರ ಕೈಯಲ್ಲಿ. ಶಿವರಾಮ ಕಾರಂತರ ಮಗ, ಓದಿದ್ದು ಇಂಜಿನಿಯರಿಂಗ್! 1990ರ ದಶಕದ ಆರಂಭದಲ್ಲಿ ಶುರುಮಾಡಿ 1995ರಲ್ಲಿ ಪ್ರಕಟಿಸಿದರು.

ಅದಕ್ಕೆ ಮೊದಲು ಹುಲಿ ಎಣಿಸುತ್ತಿದ್ದುದು ಹೆಜ್ಜೆ ನೋಡಿ. ಮಣ್ಣಿನ ಮೇಲೆ ಗಾಜು ಇಟ್ಟು ಗೆರೆ ಎಳೆಯುವುದು, ಪ್ಲಾಸ್ಟರ್ ಸುರಿಯುವುದು. ಒಂದೇ ಹುಲಿ ಒದ್ದೆ ಮಣ್ಣಲ್ಲಿ ಒಂದು ಥರ, ಧೂಳಲ್ಲಿ ಇನ್ನೊಂದು ಥರ ಹೆಜ್ಜೆ ಬಿಟ್ಟರೆ ಲೆಕ್ಕ ಎಕ್ಕುಟ್ಟಿತು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು, 2005ರಲ್ಲಿ ಹುಡುಕಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ.

ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಒಂದರದ್ದು ಇನ್ನೊಂದಕ್ಕೆ ಹೋಲದು. ಅಷ್ಟೇ ಏಕೆ, ಎಡಮಗ್ಗುಲಿನದ್ದು ಬಲಮಗ್ಗುಲಿಗೂ ಹೋಲದು. ಅದಕ್ಕೇ ಎರಡೂ ಬದಿ ಕ್ಯಾಮೆರಾ. ಹಾಗಂತ ಎಲ್ಲ ಹುಲಿಯೂ ಬಂದು ಫೋಟೋ ತೆಗೆಸಿಕೊಳ್ಳುತ್ತದೆಯೇ? ಒಂದು ಮೂಟೆ ಕಾಫಿಬೀಜದಿಂದ ಒಂದು ಹಿಡಿ ತೆಗೆದು ಬಣ್ಣ ಹಚ್ಚಿ ಮತ್ತೆ ಬೆರೆಸಿ. ಇನ್ನೊಂದು ಹಿಡಿ ತೆಗೆದಾಗ ಬಣ್ಣದ್ದು ಎಷ್ಟು ಬಂತು ಎಂಬುದರ ಮೇಲೆ ಮೂಟೆಯಲ್ಲಿ ಎಷ್ಟಿದೆ ಅಂತ ಅಂದಾಜು ಮಾಡಬಹುದು. ಹುಲಿಯ ಲೆಕ್ಕವೂ ಹಾಗೆ. ಮೊದಲು ಸಿಕ್ಕ ಹುಲಿ ಮತ್ತೆಷ್ಟು ಸಲ ಸಿಕ್ಕಿತು ಅನ್ನುವುದೇ ಗಣಿತ. 2018-19ರ ದೇಶವ್ಯಾಪಿ ಎಣಿಕೆಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಬಂದ ಫೋಟೋ ಮೂರೂವರೆ ಕೋಟಿಗೆ ಹತ್ತಿರ. ಅದರಲ್ಲಿ ಹುಲಿಯದ್ದು 76,651 ಮಾತ್ರ. ಉಳಿದದ್ದನ್ನೆಲ್ಲ ಬೇರೆ ಮಾಡಬೇಕಲ್ಲ ಸ್ವಾಮಿ!

2010ರಲ್ಲಿ ಬಂಡೀಪುರದಲ್ಲಿ ಚಿತ್ರ ಸಿಕ್ಕ ಗಂಡುಹುಲಿಯೊಂದು 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಬಳಿ ಸೆರೆಯಾಯಿತು. ಸುಮಾರು 280 ಕಿಲೋಮೀಟರ್ ದೂರ. ಪಟ್ಟೆ ತಾಳೆ ನೋಡದಿದ್ದರೆ ಯಾವೂರ ಹುಲಿಯೋ ಏನೋ ಅನ್ನುತ್ತಿದ್ದೆವು.

ದಕ್ಷಿಣ ಕೊಡಗಿನವರಿಗೆ ಇದು ಬರೀ ಸೋಜಿಗದ ಸಂಗತಿಯಲ್ಲ. 2021ರ ಫೆಬ್ರವರಿ-ಮಾರ್ಚ್‌ನಲ್ಲಿ ಪೊನ್ನಂಪೇಟೆ ತಾಲೂಕಿನಲ್ಲಿ ಹುಲಿ ಜನರನ್ನು ಕೊಂದಿತು. 2023ರ ಫೆಬ್ರವರಿಯಲ್ಲಿ ಕುಟ್ಟದ ಕಡೆ ಒಂದು ದಿನದೊಳಗೆ ಇಬ್ಬರು ಹೋದರು. ಕೊಟ್ಟಿಗೆಯ ಹಸು ಹೋದದ್ದಕ್ಕಂತೂ ಲೆಕ್ಕ ಬೇರೆ ಇಡಬೇಕು. ಇಂಥ ಹೊತ್ತಿನಲ್ಲಿ ಅರಣ್ಯ ಇಲಾಖೆಯವರು ಮೊದಲು ಬಂದು ಕ್ಯಾಮೆರಾ ಕಟ್ಟಿದರೆ ಊರವರಿಗೆ ಮೈ ಉರಿಯುವುದು ಸಹಜ. ಆದರೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಕ್ರಮವೇ ಹಾಗಿದೆ. ಫೋಟೋ ತೆಗೆದು, ಈಗಾಗಲೇ ದಾಖಲಾದ ಹುಲಿಗಳ ಜತೆ ತಾಳೆ ನೋಡಿ, ಯಾವ ಹುಲಿ ಅಂತ ಗುರುತು ಹಿಡಿಯಬೇಕು. ಅದರಲ್ಲಿ ಅರ್ಥವಿದೆ. ದಾರಿಯಲ್ಲಿ ಸಿಕ್ಕ ಹುಲಿಯನ್ನು ಬೋನಿಗೆ ಹಾಕಿ, ಕೊಂದ ಹುಲಿ ತೋಟದಲ್ಲೇ ಉಳಿದರೆ ಗತಿ?

ಇನ್ನೊಂದು ಮಾತು. ಡಬ್ಬಿಗೆ ಹುಲಿ ಮೈಯೂ ಬಿಸಿ, ಮನುಷ್ಯನ ಮೈಯೂ ಬಿಸಿ. ಸೌದೆಗೆ ಹೋದ ಹೆಂಗಸರು, ಕೆಲಸ ಮುಗಿಸಿ ಬರುವ ಆಳುಗಳು, ಹಾಡಿಯವರು ಎಲ್ಲರೂ ಅದರೊಳಗೆ ಬೀಳುತ್ತಾರೆ. ಕಾರ್ಬೆಟ್ ಕಾಡಿನ ಸುತ್ತ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕ್ಯಾಮೆರಾ ಕಂಡ ಹೆಂಗಸರು ಕಾಡಿನಲ್ಲಿ ಹಾಡುವುದನ್ನೂ ಗಟ್ಟಿಯಾಗಿ ಮಾತಾಡುವುದನ್ನೂ ಕಡಿಮೆ ಮಾಡಿದರು ಎಂದು ಹೇಳಿತು. ಪ್ರಾಣಿ ದೂರ ಸರಿಯಲಿ ಅಂತ ತಾನೇ ಅವರು ಹಾಡುತ್ತಿದ್ದುದು!

ನಮ್ಮಲ್ಲೂ ತೋಟದ ಅಂಚಿನಲ್ಲಿ ಕ್ಯಾಮೆರಾ ಕಟ್ಟುವ ದಿನ ಮಾಲೀಕರಿಗೆ ಹೇಳಿದಂತೆ ಲೈನ್ ಮನೆಯವರಿಗೂ ಒಂದು ಮಾತು ಹೇಳಬಹುದಲ್ಲ? ಡಬ್ಬಿ ಎಲ್ಲೆಲ್ಲಿದೆ, ಎಷ್ಟು ದಿನ ಇರುತ್ತದೆ, ಅದರಲ್ಲಿ ಬಿದ್ದ ಮನುಷ್ಯರ ಫೋಟೋ ಏನಾಗುತ್ತದೆ ಅಂತ.